ಎಡಕ್ಕೆ ಎಳೆಯುವ ದೋಣಿ

ಮಂಗಳವಾರ ಬೆಳಿಗ್ಗೆ ಆರು ಗಂಟೆ ಇಪ್ಪತ್ತು ನಿಮಿಷಕ್ಕೆ ಹಿನಕಲ್‌ನ ಒಂದು ಮನೆಯ ಜಗಲಿಯಲ್ಲಿ ಪಂಕಜಾ ಅವರು ಸೋಮಮ್ಮನವರ ಎಡಗೈಗೆ ರಬ್ಬರ್ ಪಟ್ಟಿ ಕಟ್ಟಿದರು. ಮೊಣಕೈ ಒಳಬದಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಅದು ಒಣಗುವವರೆಗೆ ಕಾದರು. ಎಡ ಹೆಬ್ಬೆರಳನ್ನು ಚುಚ್ಚುವ ಜಾಗದಿಂದ ಎರಡು ಬೆರಳಗಲ ಕೆಳಗೆ ಇಟ್ಟು ಚರ್ಮವನ್ನು ಕೆಳಕ್ಕೆ ಎಳೆದು ಹಿಡಿದರು. ಬಲಗೈಯಲ್ಲಿ ಸೂಜಿ ಒಳಗೆ ಹೋಯಿತು. ಟ್ಯೂಬಿಗೆ ರಕ್ತ ಬರಲಿಲ್ಲ.

ಸೂಜಿ ಹೊರಗೆ ತೆಗೆದು, ಹತ್ತಿ ಒತ್ತಿ, ಎರಡನೇ ಸಲ ಚುಚ್ಚಿದರು. ಆಗ ಬಂತು.

"ಏನವ್ವ, ಇವತ್ತು ಎಲ್ಡು ಸಲ?" ಎಂದು ಸೋಮಮ್ಮ ಕೇಳಿದರು.

"ನಿಮ್ಮ ನರ ಓಡ್ಹೋಗ್ತಾ ಇದೆ ಸೋಮಮ್ಮ."

"ಓಡೋಗಕ್ಕೆ ಅದಕ್ಕೇನು ಕಾಲೈತಾ? ಅರವತ್ತೆಂಟು ವರ್ಸದಿಂದ ಅಲ್ಲೇ ಬಿದ್ದದೆ. ನಿನ್ ಕೈಯೇ ಎಂಗೋ ಆಡ್ತದೆ ಕಣವ್ವ. ಕಾಪಿ ಕುಡ್ದಿಲ್ವಾ?"

"ಸ್ಕೂಟರಲ್ಲಿ ಬಂದೆನಲ್ಲ, ಚಳಿ."

"ಆಷಾಡದ ಗಾಳಿ," ಎಂದು ಸೋಮಮ್ಮ ಒಪ್ಪಿಕೊಂಡರು. ಒಪ್ಪಿಕೊಂಡ ಮೇಲೂ ಆ ಕೈಯನ್ನೇ ನೋಡುತ್ತಿದ್ದರು.

ಸೋಮಮ್ಮನವರಿಗೆ ಬಲಗಡೆ ಸ್ತನದ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಾಗಿದೆ. ಆ ಕಡೆಯ ಕೈಗೆ ಸೂಜಿ ಹಾಕುವಂತಿಲ್ಲ. ಎಡಗೈಯ ನಾಳಗಳು ತಿಂಗಳುಗಟ್ಟಲೆ ಔಷಧ ಹೋಗಿ ಗಟ್ಟಿಯಾಗಿವೆ. ಉಳಿದಿರುವುದು ಮೊಣಕೈ ಒಳಗಿನ ಒಂದು. ಪ್ರತಿ ಮಂಗಳವಾರ ಅದರಿಂದ ರಕ್ತ ತೆಗೆದು, ರಕ್ತಕಣಗಳ ಸಂಖ್ಯೆ ಸಾಕಷ್ಟಿದ್ದರೆ ಗುರುವಾರ ಆಸ್ಪತ್ರೆಯಲ್ಲಿ ಮುಂದಿನ ಔಷಧ ಕೊಡುತ್ತಾರೆ. ಅದೂ ಕೆಟ್ಟರೆ ಎದೆಯಲ್ಲಿ ಕೊಳವೆ ಕೂರಿಸಬೇಕಾಗುತ್ತದೆ ಎಂದು ವೈದ್ಯರು ಹೇಳಿದ್ದಾರೆ. ಇನ್ನೊಂದು ಶಸ್ತ್ರಚಿಕಿತ್ಸೆಗೆ ಸೋಮಮ್ಮ ಒಪ್ಪುತ್ತಿಲ್ಲ. ಅದಕ್ಕೇ ಲ್ಯಾಬಿನವರು ಈ ಮನೆಗೆ ಪಂಕಜಾ ಅವರನ್ನು ಬಿಟ್ಟು ಬೇರೆ ಯಾರನ್ನೂ ಕಳಿಸುತ್ತಿರಲಿಲ್ಲ.

ಪಂಕಜಾ ಅವರಿಗೆ ನಲವತ್ತಾರು ವರ್ಷ. ಶ್ರೀರಾಂಪುರ ಎರಡನೇ ಹಂತದಲ್ಲಿ ಮನೆ. ಹತ್ತೊಂಬತ್ತು ವರ್ಷಗಳಿಂದ ಒಂದು ಖಾಸಗಿ ಲ್ಯಾಬಿನ ಪರವಾಗಿ ಮನೆಮನೆಗೆ ಹೋಗಿ ರಕ್ತ ತೆಗೆಯುವ ಕೆಲಸ. ಬೆಳಿಗ್ಗೆ ಐದೂವರೆಗೆ ಹೊರಟರೆ ಹತ್ತು ಗಂಟೆಯೊಳಗೆ ಹನ್ನೆರಡು ಮನೆ ಮುಗಿಸುತ್ತಾರೆ. ರಾಮಕೃಷ್ಣನಗರದ ವಯಸ್ಸಾದವರು ಲ್ಯಾಬಿಗೆ ಫೋನ್ ಮಾಡಿ, "ಆ ಒಂದೇ ಚುಚ್ಚಿನವರನ್ನೇ ಕಳ್ಸಿ" ಎನ್ನುತ್ತಾರೆ. ಈ ಕೆಲಸದಲ್ಲಿ ಹೆಸರು ತರುವುದು ಸೂಜಿ ಹಿಡಿದ ಕೈ ಎಂದು ನೋಡುವವರು ತಿಳಿಯುತ್ತಾರೆ. ನಿಜವಾಗಿ ತರುವುದು ಇನ್ನೊಂದು ಕೈಯ ಹೆಬ್ಬೆರಳು. ಅದು ಚರ್ಮವನ್ನು ಬಿಗಿಯಾಗಿ ಹಿಡಿದು ನಿಂತರೆ ನಾಳ ಜಾರುವುದಿಲ್ಲ. ಅದು ಅಲುಗಿದರೆ ನಾಳವೂ ಅಲುಗುತ್ತದೆ.

ಆ ವಾರ ಪಂಕಜಾ ಅವರ ಮನೆಯಲ್ಲಿ ತೀರ್ಮಾನವಾಗಬೇಕಿದ್ದದ್ದು ಬೇರೊಂದು ಸಣ್ಣ ವಿಷಯ: ಕಂಪ್ಯೂಟರಿನಲ್ಲಿ ಗೇಮ್ ಆಡಲು ಎರಡು ಕೈಯಲ್ಲಿ ಹಿಡಿಯುವ ಕಂಟ್ರೋಲರ್ ಬದಲಿಸಬೇಕೋ ಬೇಡವೋ. ಅದನ್ನೂ ಅವರು ಎಡ ಹೆಬ್ಬೆರಳಿನಲ್ಲೇ ನಡೆಸುತ್ತಿದ್ದರು. ಬೆಳಗಿನ ಸೂಜಿ, ಸಂಜೆಯ ಆಟ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದನ್ನು ಅವರು ಹಲವು ತಿಂಗಳಿಂದ ಮುಂದೂಡುತ್ತ ಬಂದಿದ್ದರು.

ಆಟ ಶುರುವಾದದ್ದು ಕೋವಿಡ್ ಕಾಲದಲ್ಲಿ. ಮೂಗಿನ ದ್ರವದ ಮಾದರಿ ತೆಗೆಯುತ್ತಿದ್ದ ಪಂಕಜಾ ಅವರಿಗೇ ಸೋಂಕು ತಗಲಿ, ಮಹಡಿ ಮೇಲಿನ ಕೋಣೆಯಲ್ಲಿ ಹದಿನಾಲ್ಕು ದಿನ ಒಬ್ಬರೇ ಇರಬೇಕಾಯಿತು. ಗಂಡ ಚೆಲುವರಾಜು ಲಿಫ್ಟ್ ರಿಪೇರಿ ಮಾಡುವವರು, ಹಿನಕಲ್‌ನವರು. ಬಿಚ್ಚಿದ ಯಂತ್ರ ಕಂಡರೆ ಜೋಡಿಸದೆ ಬಿಡುವವರಲ್ಲ. ಹಳೆಯ ಭಾಗಗಳನ್ನು ಸೇರಿಸಿ ಒಂದು ಕಂಪ್ಯೂಟರ್ ಮಾಡಿ, ಒಂದು ಕಂಟ್ರೋಲರ್ ಸಿಕ್ಕಿಸಿ, ಬಾಗಿಲ ಹೊರಗೆ ಇಟ್ಟು ಹೋದರು. ಅದರಲ್ಲಿ ಒಂದೇ ಆಟವಿತ್ತು. ನೀರು ತುಂಬಿದ ಊರೊಂದರ ಬೀದಿಗಳಲ್ಲಿ ಸಣ್ಣ ದೋಣಿ ನಡೆಸಿಕೊಂಡು, ಮಹಡಿಗಳ ಮೇಲೆ ಸಿಕ್ಕಿಬಿದ್ದವರನ್ನು ಕರೆತರುವ ಆಟ. ಗೋಡೆಗೆ ತಾಗಿದರೆ ದೋಣಿ ಮಗುಚುತ್ತದೆ. ಪಂಕಜಾ ಅವರು ಹದಿನಾಲ್ಕು ದಿನದಲ್ಲಿ ನೂರಾ ಹತ್ತು ಜನರನ್ನು ಕರೆತಂದರು. ಆಮೇಲೂ ದಿನಕ್ಕೆ ಒಂದು ಗಂಟೆ, ಸಂಜೆ ಐದರಿಂದ ಆರು, ಆಡುವುದನ್ನು ಬಿಡಲಿಲ್ಲ.

ಹೋದ ವರ್ಷ ಆಯುಧ ಪೂಜೆಯ ದಿನ ಮನೆಯವರೆಲ್ಲರ ಸಲಕರಣೆಗಳನ್ನು ಮಣೆಯ ಮೇಲೆ ಜೋಡಿಸಿದ್ದರು. ಚೆಲುವರಾಜು ಅವರ ಪಾನಾ, ಟೆಸ್ಟರ್, ಪಂಕಜಾ ಅವರ ಕಿಟ್ಟು, ಅಡುಗೆಮನೆಯ ಈಳಿಗೆಮಣೆ. ಅತ್ತೆ ಶಿವನಂಜಮ್ಮ ಮಹಡಿ ಹತ್ತಿ ಹೋಗಿ ಕಂಟ್ರೋಲರನ್ನೂ ತಂದಿಟ್ಟರು.

"ಅದ್ಯಾಕತ್ತೆ?" ಎಂದು ಪಂಕಜಾ ನಕ್ಕಿದ್ದರು.

"ದಿನಾ ಹಿಡ್ಕೊಂಡು ಕೂತ್ಕೊತೀಯಲ್ಲ, ಅದೂ ಆಯ್ದವೇ ಕಣೆ. ಒಂದಕ್ಕೆ ಮಾಡಿ ಒಂದಕ್ಕೆ ಬುಟ್ರೆ ಆಯ್ತದಾ?"

ಅರಿಶಿನ ಕುಂಕುಮ ಇಡಲು ಅದರಲ್ಲಿ ಹಣೆಯಂಥ ಜಾಗ ಹುಡುಕಿದ ಶಿವನಂಜಮ್ಮನವರಿಗೆ ಕಂಡದ್ದು ದೋಣಿ ತಿರುಗಿಸುವ ಎಡಗಡೆಯ ಸ್ಟಿಕ್. ದುಂಡಗೆ, ಎದ್ದು ನಿಂತದ್ದು. ಅದರ ನೆತ್ತಿಗೆ ಒದ್ದೆ ಕುಂಕುಮ ಒತ್ತಿ, ಮೇಲೆ ಒಂದಿಷ್ಟು ಪುಡಿ ಉದುರಿಸಿದರು. ಮಾರನೆಯ ದಿನ ವಿಜಯದಶಮಿ ಕಳೆದು ಸಾಮಾನು ತೆಗೆದಾಗ ಸ್ಟಿಕ್ಕಿನ ಬುಡದ ಸಂದಿಯಲ್ಲಿ ಕೆಂಪು ಸೇರಿಕೊಂಡಿತ್ತು.

ಮೂರು ವಾರದ ನಂತರ ದೋಣಿ ತಾನಾಗಿ ಎಡಕ್ಕೆ ಎಳೆಯತೊಡಗಿತು.

ಕಂಟ್ರೋಲರುಗಳಲ್ಲಿ ಇದು ಸಾಮಾನ್ಯ ಕಾಯಿಲೆ. ಸ್ಟಿಕ್ ಸವೆದರೆ ಅಥವಾ ಒಳಗೆ ಧೂಳು ಕೂತರೆ, ಯಾರೂ ತಳ್ಳದಿದ್ದರೂ ತಳ್ಳಿದ ಹಾಗೆ ಕಂಪ್ಯೂಟರಿಗೆ ಸುದ್ದಿ ಹೋಗುತ್ತದೆ. ಹಾಗಾಗಿ ಒಂಬತ್ತು ತಿಂಗಳು ಆ ಮನೆಯಲ್ಲಿ ಯಾರೂ ಬೇರೆ ಕಾರಣ ಹುಡುಕಲಿಲ್ಲ. ಕಾರಣ ಕಣ್ಣೆದುರಿಗೇ ಇತ್ತು, ಕೆಂಪಗಿತ್ತು. ಚೆಲುವರಾಜು ತಾಯಿಯನ್ನು ರೇಗಿಸುತ್ತಿದ್ದರು: "ಅವ್ವ, ನಮ್ಮ ಲಿಫ್ಟಿಗೆ ಮಾತ್ರ ಪೂಜೆ ಮಾಡಕ್ಕೆ ಬರಬೇಡ. ನಾಲ್ಕನೇ ಮಹಡಿ ಒತ್ತಿದ್ರೆ ಪಕ್ಕದ ಬಿಲ್ಡಿಂಗಿಗೆ ಹೋದಾತು." ಶಿವನಂಜಮ್ಮ ನಗುತ್ತಿರಲಿಲ್ಲ. ಸೊಸೆಯ ಆಟ ಕೆಟ್ಟದ್ದು ತನ್ನ ಕೈಯಿಂದ ಎಂಬುದು ಅವರ ಮನಸ್ಸಿನಲ್ಲಿ ಕೂತಿತ್ತು.

ಆಟದ ಸೆಟ್ಟಿಂಗಿನಲ್ಲಿ ಡೆಡ್ ಜೋನ್ ಎಂಬ ಒಂದು ಅಂಕಿ ಇರುತ್ತದೆ. ಸ್ಟಿಕ್ ಇಷ್ಟರೊಳಗೆ ಅಲುಗಾಡಿದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಎಂದು ಕಂಪ್ಯೂಟರಿಗೆ ಹೇಳುವ ಅಂಕಿ. ಮೊದಲು ಅದು ಐದು ಇತ್ತು. ಡಿಸೆಂಬರಿನಲ್ಲಿ ಪಂಕಜಾ ಅದನ್ನು ಹತ್ತು ಮಾಡಿದರು. ದೋಣಿ ನೇರವಾಯಿತು. ಸಂಕ್ರಾಂತಿ ಕಳೆದ ಮೇಲೆ ಹದಿನೈದು. ಯುಗಾದಿಗೆ ಇಪ್ಪತ್ತು. ಜೂನ್ ಕೊನೆಗೆ ಇಪ್ಪತ್ತೈದು. ಪ್ರತಿ ಸಲವೂ ಕೆಲವು ವಾರ ದೋಣಿ ನೇರವಾಗಿ ಹೋಗಿ, ಮತ್ತೆ ಎಳೆಯುತ್ತಿತ್ತು.

ಅದೇ ತಿಂಗಳುಗಳಲ್ಲಿ ಬೆಳಗಿನ ಸುತ್ತಿನಲ್ಲೂ ಒಂದು ಬದಲಾವಣೆ ಆಗುತ್ತಿತ್ತು. ಜನವರಿಯಲ್ಲಿ ಒಂದು ಮನೆಯಲ್ಲಿ ಎರಡನೇ ಚುಚ್ಚು. ಮಾರ್ಚಿನಲ್ಲಿ ಮೂರು ಮನೆಯಲ್ಲಿ. ಅದಕ್ಕೂ ಕಾರಣಗಳಿದ್ದವು: ತೆಳ್ಳಗಿನ ಕೈ, ನೀರು ಕುಡಿಯದ ಮುದುಕರು, ಕಡಿಮೆ ಬೆಳಕು. ಸೋಮಮ್ಮನವರ ಮನೆಯಲ್ಲಿ ಮಾತ್ರ ಆಗಿರಲಿಲ್ಲ. ಈಗ ಅಲ್ಲೂ ಆಯಿತು.

ಹೊಸ ಕಂಟ್ರೋಲರ್ ತರೋಣ ಎಂದವರು ಚೆಲುವರಾಜು. ಆಯಸ್ಕಾಂತದ ಸ್ಟಿಕ್ ಇರುವ ಹೊಸ ಬಗೆಯದು ಬಂದಿದೆ, ಭಾಗಕ್ಕೆ ಭಾಗ ಉಜ್ಜುವುದಿಲ್ಲವಾದ್ದರಿಂದ ಸವೆಯುವುದೇ ಇಲ್ಲ ಎಂದು ಓದಿದ್ದರು. ಶಿವನಂಜಮ್ಮ ಅಡ್ಡ ಬಂದರು. ಆಷಾಢದಲ್ಲಿ ಹೊಸ ಸಾಮಾನು ಮನೆಗೆ ಬರಬಾರದು. ಭೀಮನ ಅಮಾವಾಸ್ಯೆ ಕಳೆಯಲಿ, ಶ್ರಾವಣದ ಮೊದಲನೇ ದಿನ ತನ್ನಿ.

"ಅಷ್ಟರಲ್ಲಿ ಹಳೇದನ್ನ ಒಂದ್ಸಲ ತೋರಿಸ್ಕೊಂಡು ಬರ್ತೀನಿ," ಎಂದರು ಪಂಕಜಾ. "ರಿಪೇರಿ ಆಗೋ ಹಾಗಿದ್ರೆ ಹೊಸದ್ಯಾಕೆ?"

ಸೋಮಮ್ಮನವರಿಗೆ ಎರಡು ಸಲ ಚುಚ್ಚಿದ ನಾಲ್ಕನೇ ದಿನ, ಶನಿವಾರ ಮಧ್ಯಾಹ್ನ, ಅವರು ರಾಮಕೃಷ್ಣನಗರದ ಆಂದೋಲನ ಸರ್ಕಲ್ ಹತ್ತಿರದ ಒಂದು ಮೊದಲ ಮಹಡಿಯ ಅಂಗಡಿಗೆ ಹೋದರು. ಅಂಗಡಿಯ ಮಾಲೀಕರು ವಿಶ್ರುತ್. ಮೂವತ್ತರ ಆಸುಪಾಸು. ಕಂಪ್ಯೂಟರ್, ಕಂಟ್ರೋಲರ್ ರಿಪೇರಿಯನ್ನೇ ನಂಬಿಕೊಂಡವರು. ನಾಲ್ಕು ತಿರುಪು ಬಿಚ್ಚಿ, ಮುಚ್ಚಳ ಎತ್ತಿ, ಭೂತಗನ್ನಡಿ ಹಿಡಿದರು.

"ಮೇಡಂ, ಇದು ಕುಂಕುಮಾನಾ?"

"ಆಯುಧ ಪೂಜೆ."

"ನಿಮ್ಮದು ವಾಸಿ. ನಮ್ಮಮ್ಮ ನನ್ನ ಲ್ಯಾಪ್‌ಟಾಪ್ ಕ್ಯಾಮೆರಾಗೇ ಇಟ್ಬುಟ್ಟಿದ್ರು. ಒಂದು ವಾರ ವಿಡಿಯೋ ಕಾಲಲ್ಲಿ ಎಲ್ಲರಿಗೂ ನಾನು ಕೆಂಪಗೆ ಕಂಡೆ."

ಕುಂಕುಮ ಸ್ಟಿಕ್ಕಿನ ಬುಡದ ಅಂಚಿನಲ್ಲಿ ಒಂದು ಉಂಗುರದಂತೆ ಕೂತಿತ್ತು, ಅಷ್ಟೆ. ಒಳಗಿನ ಪುಟ್ಟ ಪೆಟ್ಟಿಗೆಗೆ ಒಂದು ಕಣವೂ ಇಳಿದಿರಲಿಲ್ಲ. ವಿಶ್ರುತ್ ಬ್ರಶ್ಶಿನಿಂದ ಅದನ್ನು ತೆಗೆದು, ಮುಚ್ಚಳ ಹಾಕಿ, ಕಂಟ್ರೋಲರನ್ನು ತಮ್ಮ ಕಂಪ್ಯೂಟರಿಗೆ ಸೇರಿಸಿದರು. ಪರದೆಯ ಮೇಲೆ ಒಂದು ವೃತ್ತ, ಅದರ ನಡುವೆ ಒಂದು ಚುಕ್ಕೆ. ಸ್ಟಿಕ್ ಎಲ್ಲಿದೆಯೋ ಅಲ್ಲಿ ಚುಕ್ಕೆ ಇರುತ್ತದೆ.

ಮೇಜಿನ ಮೇಲಿಟ್ಟ ಕಂಟ್ರೋಲರನ್ನು ಯಾರೂ ಮುಟ್ಟಲಿಲ್ಲ. ಚುಕ್ಕೆ ನಟ್ಟ ನಡುವೆ ನಿಂತಿತ್ತು. ವಿಶ್ರುತ್ ಸ್ಟಿಕ್ಕನ್ನು ನಾಲ್ಕು ದಿಕ್ಕಿಗೂ ತಳ್ಳಿ ಬಿಟ್ಟರು. ಪ್ರತಿ ಸಲ ಚುಕ್ಕೆ ನಡುವಿಗೇ ಬಂದು ನಿಂತಿತು.

"ಇದಕ್ಕೇನೂ ಆಗಿಲ್ವಲ್ಲ ಮೇಡಂ. ನೀವು ಹಿಡೀರಿ, ತಳ್ಳಬೇಡಿ. ಸುಮ್ನೆ ಬೆರಳಿಡಿ."

ಪಂಕಜಾ ಎಡ ಹೆಬ್ಬೆರಳಿಟ್ಟರು. ಚುಕ್ಕೆ ಎಡಕ್ಕೆ ಸರಿದು ಹಿಂದಕ್ಕೆ ಬಂತು. ಮತ್ತೆ ಸರಿಯಿತು, ಬಂತು. ನಿಧಾನವಾಗಿ ತುಳಿಯುವ ಹೊಲಿಗೆ ಯಂತ್ರದ ಸೂಜಿಯ ಹಾಗೆ, ಒಂದೇ ಸಮನೆ.

"ತಳ್ತಾ ಇದ್ದೀರಾ?"

"ಇಲ್ಲ."

ವಿಶ್ರುತ್ ತಾವು ಹಿಡಿದು ನೋಡಿದರು. ಚುಕ್ಕೆ ನಿಂತಿತು. ಮತ್ತೆ ಪಂಕಜಾ ಅವರ ಕೈಗೆ ಕೊಟ್ಟರು. ಚುಕ್ಕೆ ಹೊರಟಿತು. ಪಂಕಜಾ ಅವರು ತಾವಾಗಿಯೇ ಅದೇ ಸ್ಟಿಕ್ಕಿನ ಮೇಲೆ ಬಲ ಹೆಬ್ಬೆರಳಿಟ್ಟರು. ಚುಕ್ಕೆ ನಿಂತಿತು.

ವಿಶ್ರುತ್ ಎದ್ದು ಗಾಜಿನ ಬೀರುವಿನಿಂದ ಹೊಸ ಕಂಟ್ರೋಲರ್ ತಂದರು. ಚೆಲುವರಾಜು ಹೇಳಿದ್ದ ಆಯಸ್ಕಾಂತದ ಬಗೆಯದೇ. ಅದನ್ನು ಸೇರಿಸಿ ಪಂಕಜಾ ಅವರ ಎಡಗೈಗೆ ಕೊಟ್ಟರು. ಚುಕ್ಕೆ ಅದರಲ್ಲೂ ಸರಿಯಿತು. ಇನ್ನೂ ಸ್ಪಷ್ಟವಾಗಿ ಸರಿಯಿತು.

"ಇದು ಜಾಸ್ತಿ ಸೂಕ್ಷ್ಮ ಮೇಡಂ, ಕೂದಲೆಳೆಯಷ್ಟು ಅಲುಗಾಡಿದ್ರೂ ಹಿಡಿಯುತ್ತೆ," ಎಂದ ವಿಶ್ರುತ್, ಪರದೆಯಿಂದ ಅವರ ಬೆರಳಿನತ್ತ ನೋಡಿದರು. "ಡೆಡ್ ಜೋನ್ ಎಷ್ಟಿಟ್ಟಿದ್ದೀರಿ?"

"ಇಪ್ಪತ್ತೈದು."

"ಇಪ್ಪತ್ತೈದಾ?"

"ಹೂಂ."

"ಇದ್ರಲ್ಲಿ ನಲವತ್ತರವರೆಗೂ ಹಾಕ್ಕೋಬಹುದು," ಎಂದರು ವಿಶ್ರುತ್, ಪರದೆ ನೋಡುತ್ತ. "ಆಟಕ್ಕೆ ಏನೂ ತೊಂದ್ರೆ ಆಗಲ್ಲ. ಬೇಕಂದ್ರೆ ಶುಕ್ರವಾರದವರೆಗೆ ಎತ್ತಿಟ್ಟಿರ್ತೀನಿ. ಆಷಾಢ ಅಂತ ಎಲ್ಲರೂ ಹಂಗೇ ಹೇಳೋದು."

ಪಂಕಜಾ ತಮ್ಮ ಫೋನನ್ನು ಅವರ ಕೈಗೆ ಕೊಟ್ಟು, ಆ ಚುಕ್ಕೆಯ ಒಂದು ನಿಮಿಷದ ವಿಡಿಯೋ ತೆಗೆಸಿಕೊಂಡರು. ಮೊದಲು ಬರಿಯ ಕಂಟ್ರೋಲರ್, ಆಮೇಲೆ ಬಲಗೈ, ಆಮೇಲೆ ಎಡಗೈ. ದಿನಾಂಕ, ಸಮಯವನ್ನು ಬಾಯಲ್ಲಿ ಹೇಳಿದರು. ರಕ್ತದ ಟ್ಯೂಬಿಗೆ ಅವೆರಡನ್ನೂ ಬರೆದ ಚೀಟಿ ಅಂಟಿಸುವುದು ಅವರಿಗೆ ಅಭ್ಯಾಸ.

ಮನೆಗೆ ಬಂದಾಗ ಚೆಲುವರಾಜು ಕೇಳಿದರು, "ಏನಂದ ಪಂಕಜ? ರಿಪೇರಿ ಆಯ್ತದಂತಾ?"

"ಸ್ಟಿಕ್ಕಿನ ಬುಡದಲ್ಲಿ ಸ್ವಲ್ಪ ಕುಂಕುಮ ಇತ್ತಂತೆ," ಎಂದರು ಪಂಕಜಾ. ಅದು ನಿಜವೇ ಆಗಿತ್ತು.

"ನಾನು ಏಳ್ಲಿಲ್ವಾ," ಎಂದರು ಒಳಗಿನಿಂದ ಶಿವನಂಜಮ್ಮ.

ಭಾನುವಾರ ಸಂಜೆ ಐದಕ್ಕೆ ಪಂಕಜಾ ಮಹಡಿಗೆ ಹೋಗಿ, ಡೆಡ್ ಜೋನನ್ನು ಸೊನ್ನೆಗೆ ತಂದರು. ದೋಣಿ ಮೊದಲನೇ ಬೀದಿಯನ್ನೂ ದಾಟಲಿಲ್ಲ. ಅದು ಗೋಡೆಯಿಂದ ಗೋಡೆಗೆ ನಡುಗುತ್ತ ಹೋಗಿ ಮಗುಚಿತು. ಏಳು ಸಲ ಪ್ರಯತ್ನಿಸಿದರು. ಎಂಟನೆಯ ಸಲ ಕಂಟ್ರೋಲರನ್ನು ಮೇಜಿನ ಮೇಲಿಟ್ಟು, ಬಲ ತೋರುಬೆರಳಿನಿಂದ ಎಡ ಸ್ಟಿಕ್ಕನ್ನು ಮುಂದಕ್ಕೆ ಒತ್ತಿದರು. ದೋಣಿ ಗೆರೆ ಎಳೆದ ಹಾಗೆ ನೇರವಾಗಿ ಹೋಯಿತು. ಎಡಗೈ ಮಡಿಲಲ್ಲಿತ್ತು. ಹೆಬ್ಬೆರಳು ತೋರುಬೆರಳಿನ ಮೇಲೆ ಏನನ್ನೋ ಉರುಳಿಸುವಂತೆ ಆಡುತ್ತಿತ್ತು. ಅವರು ಅದನ್ನು ನೋಡುತ್ತಿರುವಾಗಲೂ ಆಡುತ್ತಿತ್ತು.

ವೈದ್ಯರಲ್ಲದಿದ್ದರೂ, ಹತ್ತೊಂಬತ್ತು ವರ್ಷ ಮುದುಕರ ಕೈಗಳನ್ನು ಹಿಡಿದು ಕೂತವರು ಅವರು. ನಡುಕದ ಕಾಯಿಲೆಯ ಇಂಥ ಕೈಗಳನ್ನು ಎಲ್ಲೆಲ್ಲಿ ಹಿಡಿದಿದ್ದೇನೆ ಎಂಬುದು ನೆನಪಿಗೆ ಬಂತು. ಆ ಮನೆಗಳ ನಂಬರೂ ಬಂತು.

ಅವರ ಮುಂದಿದ್ದದ್ದು ಕಷ್ಟದ ಆಯ್ಕೆಯೇನಲ್ಲ. ಹೊಸ ಕಂಟ್ರೋಲರ್ ತಂದು ನಲವತ್ತು ಹಾಕಿಕೊಂಡರೆ ದೋಣಿ ನೇರವಾಗುತ್ತಿತ್ತು. ಮನೆಯಲ್ಲಿ ಕುಂಕುಮದ ಮಾತು ಹಾಗೇ ಉಳಿಯುತ್ತಿತ್ತು. ಬೆಳಗಿನ ಸುತ್ತು ಇನ್ನಷ್ಟು ತಿಂಗಳು ನಡೆಯುತ್ತಿತ್ತು. ಹತ್ತೊಂಬತ್ತು ವರ್ಷದಲ್ಲಿ ಅವರು ಕಲಿತ ಕೆಲಸ ಅದೊಂದೇ. ಸೋಮವಾರ ಅವರು ಎಂದಿನಂತೆ ಹನ್ನೆರಡು ಮನೆಗೆ ಹೋದರು. ನಾಲ್ಕು ಮನೆಯಲ್ಲಿ ಎರಡನೇ ಸಲ ಚುಚ್ಚಿದರು.

ಮಂಗಳವಾರ ಬೆಳಿಗ್ಗೆ ಹಿನಕಲ್‌ನಲ್ಲಿ ಸೋಮಮ್ಮ ಆಗಲೇ ಜಗಲಿಯಲ್ಲಿ ರವಿಕೆಯ ತೋಳು ಮಡಿಸಿ ಕೂತಿದ್ದರು. ಹೋದ ವಾರದ ಜಾಗ ನೀಲಿಗಟ್ಟಿ, ಅಂಚಿನಲ್ಲಿ ಹಳದಿಯಾಗಿತ್ತು.

"ಬಾರವ್ವ. ಇವತ್ತಾರ ಒಂದೇ ಸಲ್ಕೆ ಮುಗ್ಸು. ನಮ್ಮ ಚೆಲುವರಾಜುಗೆ ಏಳ್ಬುಡ್ತೀನಿ, ನಿನ್ ಹೆಂಡ್ತಿಗೆ ಕಣ್ಣು ಮಂದ ಆಗೈತೆ ಅಂತ."

ಪಂಕಜಾ ಪಟ್ಟಿ ಕಟ್ಟಿದರು. ನಾಳ ಎದ್ದಿತು, ತೆಳ್ಳಗೆ, ನೀಲಿ ಗುರುತಿನ ಪಕ್ಕದಲ್ಲೇ. ಹತ್ತಿ ಒರೆಸಿ, ಒಣಗಲು ಕಾದರು. ಎಡ ಹೆಬ್ಬೆರಳಿಟ್ಟು ಚರ್ಮ ಎಳೆದರು. ಬೆರಳ ಕೆಳಗೆ ಚರ್ಮ ಸಣ್ಣದಾಗಿ ಅಲುಗುತ್ತಿತ್ತು. ಎಡಕ್ಕೆ, ಹಿಂದಕ್ಕೆ, ಎಡಕ್ಕೆ. ಸೂಜಿಯ ತುದಿ ಚರ್ಮದಿಂದ ಒಂದು ಕಾಳಿನಷ್ಟು ದೂರದಲ್ಲಿ ನಿಂತಿತ್ತು.

ಅವರು ಸೂಜಿಗೆ ಮುಚ್ಚಳ ಹಾಕಿದರು. ಪಟ್ಟಿ ಬಿಚ್ಚಿದರು.

"ಯಾಕವ್ವ, ಬಿಚ್ಬುಟ್ಟೆ?"

"ಇನ್ನೊಬ್ಬರನ್ನ ಕರೆಸ್ತೀನಿ ಸೋಮಮ್ಮ. ಅರ್ಧ ಗಂಟೆ. ಅಷ್ಟರಲ್ಲಿ ಎರಡು ಲೋಟ ನೀರು ಕುಡೀರಿ, ನರ ಚೆನ್ನಾಗಿ ಏಳುತ್ತೆ."

"ನೀನೇ ತೆಗೀಬಾರ್ದಾ? ನಂಗೇನು ನೋಯಲ್ಲ."

"ನನ್ನ ಕೈ ನಿಲ್ತಿಲ್ಲ."

ಸೋಮಮ್ಮ ಸೀರೆಯ ಸೆರಗು ಸರಿಪಡಿಸಿಕೊಂಡರು. "ಚಳಿ ಅಲ್ಲ ಅನ್ನು," ಎಂದರು.

"ಅಲ್ಲ."

ಲ್ಯಾಬಿನಿಂದ ಗಾರ್ಗಿ ಬಂದರು. ನಾಲ್ಕು ವರ್ಷದ ಅನುಭವದ ಹುಡುಗಿ, ಪಂಕಜಾ ಅವರೇ ಕಲಿಸಿದವರು. ಗಾರ್ಗಿಯ ಹೆಬ್ಬೆರಳು ಎಲ್ಲಿರಬೇಕೋ ಅಲ್ಲಿ ಅಲುಗದೆ ನಿಂತಿತು. ನೇರಳೆ ಮುಚ್ಚಳದ ಟ್ಯೂಬು ಒಂದೇ ಸಲಕ್ಕೆ ತುಂಬಿತು. ಪಂಕಜಾ ಅದಕ್ಕೆ ಚೀಟಿ ಅಂಟಿಸಿದರು.

ಅಂದು ಸಂಜೆ ಅಡುಗೆಮನೆಯಲ್ಲಿ ಅವರು ಎಲ್ಲವನ್ನೂ ಹೇಳಿದರು. ವಿಡಿಯೋ ತೋರಿಸಿದರು. ಚೆಲುವರಾಜು ಅದನ್ನು ಮೂರು ಸಲ ನೋಡಿದರು. ಬಲಗೈ ಇಟ್ಟಾಗ ನಿಲ್ಲುವ ಭಾಗವನ್ನು ಮತ್ತೆ ಮತ್ತೆ ಹಿಂದಕ್ಕೆ ಹಾಕಿದರು. ಲಿಫ್ಟ್ ಎಲ್ಲಿ ಕೆಟ್ಟಿದೆ ಎಂದು ಹುಡುಕುವಾಗ ಅವರು ಮಾಡುವುದೂ ಅದನ್ನೇ, ಒಂದೊಂದೇ ಭಾಗ ತೆಗೆದು ನೋಡುವುದು.

"ಅಂಗಡಿ ಕಂಪ್ಯೂಟರೇ ಸರಿ ಇಲ್ದೇ ಇರಬಹುದು," ಎಂದರು ಕೊನೆಗೆ.

"ಮನೇದ್ರಲ್ಲೂ ನೋಡ್ದೆ ಕಣ್ರೀ."

ಶಿವನಂಜಮ್ಮ ಸೊಸೆಯ ಎಡಗೈಯನ್ನು ಎಳೆದು ತಮ್ಮ ಎರಡೂ ಕೈಗಳ ನಡುವೆ ಇಟ್ಟುಕೊಂಡು ಒತ್ತಿ ಹಿಡಿದರು. ಹಿಡಿದಷ್ಟು ಹೊತ್ತು ಅದು ಅಲುಗಲಿಲ್ಲ.

"ಇಲ್ಲ ಕಣೆ, ಅದು ನನ್ ಕುಂಕುಮಾನೇ," ಎಂದರು. "ನಾನೇ ಅಲ್ವಾ ಅದ್ರ ನೆತ್ತಿ ಮ್ಯಾಲೆ ಇಟ್ಟಿದ್ದು. ಶ್ರಾವಣಕ್ಕೆ ಹೊಸದು ತರ್ಲಿ. ನಾನು ಮುಟ್ಟಲ್ಲ. ಸರಿ ಹೋಯ್ತದೆ ನೋಡು."

"ಅತ್ತೆ, ಕುಂಕುಮ ಒಳಗೆ ಹೋಗಿರ್ಲಿಲ್ಲ."

"ಹೋಗಿತ್ತು. ನಿಂಗೊತ್ತಿಲ್ಲ," ಎಂದರು ಶಿವನಂಜಮ್ಮ, ಕೈ ಬಿಡದೆ.

ಚೆಲುವರಾಜು ಎದ್ದು ಹೋಗಿ ಮಹಡಿಯಿಂದ ಹಳೆಯ ಕಂಟ್ರೋಲರ್ ತಂದು ಮೇಜಿನ ಮೇಲಿಟ್ಟರು. ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಹಂಗಾದ್ರೆ ಹೊಸದು ಬೇಡ ಅಂತೀಯಾ?"

"ಬೇಡ. ಇದೇ ಇರಲಿ," ಎಂದರು ಪಂಕಜಾ. "ಇದು ಸರಿಯಾಗೇ ತೋರಿಸ್ತಾ ಇದೆ. ನಾನು ನೋಡ್ಲಿಲ್ಲ ಅಷ್ಟೆ."

ಬುಧವಾರ ಅವರು ವಿಶ್ರುತ್ ಅವರಿಗೆ ಫೋನ್ ಮಾಡಿ, ಎತ್ತಿಟ್ಟದ್ದನ್ನು ಬೇರೆಯವರಿಗೆ ಕೊಡಬಹುದು ಎಂದರು. ಲ್ಯಾಬಿನವರು ಅವರನ್ನು ಸದ್ಯಕ್ಕೆ ಟ್ಯೂಬುಗಳ ವಿಂಗಡಣೆಗೆ ಹಾಕಿದ್ದಾರೆ. ಎಷ್ಟು ದಿನ ಎಂಬುದನ್ನು ಹೇಳಿಲ್ಲ. ಶುಕ್ರವಾರ, ಶ್ರಾವಣದ ಮೊದಲನೇ ದಿನ, ಬೆಳಿಗ್ಗೆ ಹನ್ನೊಂದೂಕಾಲಕ್ಕೆ ನರರೋಗ ತಜ್ಞರು ಸಮಯ ಕೊಟ್ಟಿದ್ದಾರೆ. ವಿಡಿಯೋ ಇದ್ದರೆ ತನ್ನಿ ಎಂದಿದ್ದಾರೆ. ಮುಂದಿನ ಮಂಗಳವಾರ ಆರು ಇಪ್ಪತ್ತಕ್ಕೆ ಸೋಮಮ್ಮನವರ ಮನೆಗೆ ಗಾರ್ಗಿ ಹೋಗುತ್ತಾರೆ.